ಹಸಿರು ಬಸ್ಸಿನಲ್ಲಿ ಊರಿಂದೂರಿಗೆ: ಮ್ಯೂನಿಕ್‌ಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ ಮಾರ್ಗದರ್ಶಿ

ಮನೆ ಹುಡುಕಿ, ವಿಳಾಸ ನೋಂದಾಯಿಸಿ, ಮಕ್ಕಳನ್ನು ಶಾಲೆಗೆ ಸೇರಿಸಿ ಉಸಿರು ಬಿಟ್ಟ ಕೂಡಲೇ ಹೊಸ ಕುಟುಂಬಗಳು ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಪ್ರಾಗ್‌ಗೆ ಅಗ್ಗದಲ್ಲಿ ಹೋಗಿ ಬರುವುದು ಹೇಗೆ? ಉತ್ತರವೂ ಹೆಚ್ಚುಕಡಿಮೆ ಒಂದೇ: ನಗರದಿಂದ ನಗರಕ್ಕೆ ಓಡುವ ಹಸಿರು ಬಸ್ಸು, ಫ್ಲಿಕ್ಸ್‌ಬಸ್. ಆದರೆ ಅದೊಂದೇ ಪದವನ್ನು ನೆಚ್ಚಿಕೊಂಡು ಹೊರಟವರು ಪಟ್ಟ ಪಾಡನ್ನು ವರ್ಷವರ್ಷವೂ ಕೇಳುತ್ತಿರುವುದರಿಂದ ಈ ಬಾರಿ ವಿವರವಾಗಿ ಬರೆದಿಡುತ್ತಿದ್ದೇವೆ. ಪ್ರಶ್ನೆ ಕೇಳುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ.

ಈ ಬಸ್ಸು ಯಾರದು

ರೈಲ್ವೆಗೆ ಪೈಪೋಟಿ ಬರಬಾರದೆಂದು 1930ರ ದಶಕದಲ್ಲಿ ಮಾಡಿದ ಕಾನೂನಿನಿಂದಾಗಿ ಜರ್ಮನಿಯಲ್ಲಿ 2012ರ ಕೊನೆಯವರೆಗೂ, ಬರ್ಲಿನ್‌ನಂಥ ಕೆಲವು ಮಾರ್ಗಗಳನ್ನು ಬಿಟ್ಟರೆ, ನಗರದಿಂದ ನಗರಕ್ಕೆ ಬಸ್ಸು ಓಡಿಸಲು ಅನುಮತಿ ಸಿಗುವುದೇ ಕಷ್ಟವಾಗಿತ್ತು. 2013ರ ಜನವರಿ 1ರಂದು ಆ ನಿರ್ಬಂಧ ಸಡಿಲವಾಯಿತು. ಅದಕ್ಕೆ ಮೊದಲೇ, 2011ರಲ್ಲಿ, ನಮ್ಮ ಮ್ಯೂನಿಕ್‌ನಲ್ಲಿಯೇ ಮೂವರು ಸೇರಿ ಕಟ್ಟಿದ್ದ ಕಂಪನಿ 2013ರ ಫೆಬ್ರವರಿಯಲ್ಲಿ ಬವೇರಿಯಾದಲ್ಲಿ ಮೊದಲ ಬಸ್ಸುಗಳನ್ನು ಬಿಟ್ಟಿತು. 2015ರಲ್ಲಿ ತನ್ನ ದೊಡ್ಡ ಪ್ರತಿಸ್ಪರ್ಧಿ ಮೈನ್‌ಫೆರ್ನ್‌ಬಸ್ ಜೊತೆ ಒಂದಾಗಿ, 2021ರಲ್ಲಿ ಅಮೆರಿಕದ ಗ್ರೇಹೌಂಡ್ ಬಸ್ ಕಂಪನಿಯನ್ನೂ ಕೊಂಡುಕೊಂಡಿತು. 2024ರಲ್ಲಿ ಮೊದಲು ದೆಹಲಿಯಿಂದ, ಆ ಬಳಿಕ ಬೆಂಗಳೂರಿನಿಂದಲೂ ಓಡತೊಡಗಿದೆ. ನಿಮ್ಮಲ್ಲಿ ಕೆಲವರು ಅಲ್ಲಿಯೇ ಹಸಿರು ಬಸ್ಸನ್ನು ನೋಡಿರುತ್ತೀರಿ.

ಈ ಚರಿತ್ರೆಯಲ್ಲಿ ನಿಮಗೆ ಉಪಯೋಗಕ್ಕೆ ಬರುವ ಸಂಗತಿಗಳು ಎರಡು. ಮೊದಲನೆಯದಾಗಿ, ಕಂಪನಿಯ ಕೈಯಲ್ಲಿರುವುದು ಟಿಕೆಟ್, ದರ, ವೇಳಾಪಟ್ಟಿ ಮತ್ತು ಹೆಸರು; ರಸ್ತೆಯ ಮೇಲೆ ಓಡುವ ಬಸ್ಸು ಸಾಮಾನ್ಯವಾಗಿ ಯಾವುದೋ ಊರಿನ ಸಣ್ಣ ಬಸ್ ಮಾಲೀಕರದು, ಚಾಲಕರು ಅವರ ನೌಕರರು. ಆದ್ದರಿಂದ ಟಿಕೆಟ್ ಹಣ ವಾಪಸು, ದಿನಾಂಕ ಬದಲಾವಣೆ ಮುಂತಾದವನ್ನು ಚಾಲಕರ ಬಳಿ ವಾದಿಸಿ ಫಲವಿಲ್ಲ. ಎರಡನೆಯದಾಗಿ, ಸ್ಥಳೀಯ ರೈಲುಗಳನ್ನು ಕಾಪಾಡುವುದಕ್ಕಾಗಿ 50 ಕಿಲೋಮೀಟರಿಗಿಂತ ಹತ್ತಿರದ ಎರಡು ನಿಲ್ದಾಣಗಳ ನಡುವೆ ಟಿಕೆಟ್ ಮಾರುವಂತಿಲ್ಲ ಎಂಬ ನಿಯಮ ಇಂದಿಗೂ ಇದೆ. ಬಸ್ಸು ಕಣ್ಣೆದುರೇ ಅಲ್ಲಿಗೆ ಹೋಗುತ್ತಿದ್ದರೂ ಆ್ಯಪ್ ಟಿಕೆಟ್ ತೋರಿಸದಿದ್ದರೆ ಆ್ಯಪ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಟಿಕೆಟ್

ಇಲ್ಲಿ ಕಂಡಕ್ಟರ್ ಇರುವುದಿಲ್ಲ. ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುವುದಿಲ್ಲ. "ಒಂದೈದು ನಿಮಿಷ, ನಮ್ಮವರು ಬರುತ್ತಿದ್ದಾರೆ" ಎಂದು ಬಾಗಿಲಿಗೆ ಕಾಲು ಕೊಟ್ಟು ನಿಲ್ಲುವ ನಮ್ಮ ಕಲೆಯೂ ಇಲ್ಲಿ ನಡೆಯುವುದಿಲ್ಲ. ಚಾಲಕರು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತಾರೆ, ಗುರುತಿನ ಚೀಟಿ ಕೇಳಬಹುದು, ಸಮಯವಾದೊಡನೆ ಹೊರಡುತ್ತಾರೆ. ಕನಿಷ್ಠ ಹದಿನೈದು ನಿಮಿಷ ಮೊದಲೇ ನಿಲ್ದಾಣದಲ್ಲಿರಿ.

ದರ ಸ್ಥಿರವಲ್ಲ, ಸೀಟುಗಳು ತುಂಬಿದಂತೆ ಏರುತ್ತದೆ. ಶುಕ್ರವಾರ ಮತ್ತು ಭಾನುವಾರ ಸಂಜೆ, ಶಾಲಾ ರಜೆ, ಕ್ರಿಸ್‌ಮಸ್, ಅಕ್ಟೋಬರ್‌ಫೆಸ್ಟ್ ದಿನಗಳಲ್ಲಿ ಅಗ್ಗ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಟಿಕೆಟ್ ರದ್ದು ಮಾಡಿದರೆ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ವೋಚರ್ ಆಗಿ ಕೊಡುವುದು ರೂಢಿಯಾದ್ದರಿಂದ ನಿರ್ಧಾರ ಮಾಡಿದ ಮೇಲೆಯೇ ಕೊಳ್ಳಿ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ಆಗುವಷ್ಟು ಗೊಂದಲ ಬೇರೆಯವರಿಗೆ ಆಗುವುದಿಲ್ಲ. ಒಬ್ಬರಿಗೆ ಇನಿಶಿಯಲ್ ತಂದೆಯ ಹೆಸರು, ಇನ್ನೊಬ್ಬರಿಗೆ ಊರಿನ ಹೆಸರು. ಎಷ್ಟೋ ಹೆಣ್ಣುಮಕ್ಕಳ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗವೇ ಖಾಲಿ. ಅರ್ಜಿಯಲ್ಲಿ ಹೆಸರು, ಉಪನಾಮ ಎರಡನ್ನೂ ತುಂಬದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಆಗ ಮನಸ್ಸಿಗೆ ತೋಚಿದಂತೆ ಗಂಡನ ಹೆಸರನ್ನೋ ಮಾವನವರ ಹೆಸರನ್ನೋ ಸೇರಿಸದೆ, ನಿಮ್ಮ ವೀಸಾ ಅಥವಾ ನಿವಾಸ ಪರವಾನಗಿ ಕಾರ್ಡಿನ ಮೇಲೆ ಹೇಗೆ ಮುದ್ರಿತವಾಗಿದೆಯೋ ಅದನ್ನೇ ಅಕ್ಷರಶಃ ಬರೆಯಿರಿ, ಪ್ರತಿ ಬಾರಿಯೂ ಹಾಗೆಯೇ ಬರೆಯಿರಿ. ಮನೆಯಲ್ಲಿ ಪುಟ್ಟಿ ಎಂದು ಕರೆಯುವ ಮಗುವಿಗೂ ಪಾಸ್‌ಪೋರ್ಟಿನ ಪೂರ್ಣ ಹೆಸರೇ ಬೇಕು.

ಭಾರತದ ಕಾರ್ಡಿನಿಂದ ಹಣ ಕಟ್ಟುವವರು ಒಟಿಪಿ ಬರುವ ಸಿಮ್ ರೋಮಿಂಗ್‌ನಲ್ಲಿ ಕೆಲಸ ಮಾಡುತ್ತಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮಧ್ಯರಾತ್ರಿಯ ನಂತರದ ಬಸ್ಸುಗಳ ದಿನಾಂಕವನ್ನು ಎರಡು ಸಲ ಓದಿ: "ಶನಿವಾರ ರಾತ್ರಿ" ಎಂದು ನಾವು ಹೇಳುವ 00.30ರ ಬಸ್ಸು ಟಿಕೆಟ್‌ನಲ್ಲಿ ಭಾನುವಾರದ್ದಾಗಿರುತ್ತದೆ.

ಕರ್ಚೀಫ್ ಹಾಕಿ ಸೀಟು ಹಿಡಿಯುವ ಅಭ್ಯಾಸವನ್ನು ಮೆಜೆಸ್ಟಿಕ್‌ನಲ್ಲೇ ಬಿಟ್ಟು ಬನ್ನಿ. ಹೆಚ್ಚಿನ ಹಣ ಕೊಟ್ಟು ಸೀಟು ಆರಿಸಿಕೊಳ್ಳದಿದ್ದರೆ ಕುಟುಂಬವೆಲ್ಲ ಒಟ್ಟಿಗೆ ಕೂರುವ ಖಾತ್ರಿ ಇರುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಆ ಹಣವನ್ನು ಉಳಿಸಲು ಹೋಗಬೇಡಿ.

ನಿಲ್ದಾಣಗಳು

ಬಸ್ ನಿಲ್ದಾಣ ರೈಲು ನಿಲ್ದಾಣದ ಪಕ್ಕದಲ್ಲೇ ಇರಬೇಕೆಂಬ ನಿಯಮವೇನೂ ಇಲ್ಲ. ಟಿಕೆಟ್‌ನಲ್ಲಿರುವ ವಿಳಾಸವನ್ನು ಹಿಂದಿನ ದಿನವೇ ನಕ್ಷೆಯಲ್ಲಿ ನೋಡಿಕೊಳ್ಳಿ.

- ಮ್ಯೂನಿಕ್: ಹಾಕರ್‌ಬ್ರೂಕೆಯಲ್ಲಿರುವ ಕೇಂದ್ರ ಬಸ್ ನಿಲ್ದಾಣ. ಮುಖ್ಯ ರೈಲು ನಿಲ್ದಾಣದಿಂದ ಎಸ್-ಬಾನ್‌ನಲ್ಲಿ (ನಗರದ ಸ್ಥಳೀಯ ರೈಲು) ಒಂದೇ ಸ್ಟಾಪ್.
- ಬರ್ಲಿನ್: ಪಶ್ಚಿಮ ಭಾಗದಲ್ಲಿ, ರೇಡಿಯೊ ಗೋಪುರದ ಸಮೀಪ. ಯು2 ಮೆಟ್ರೋ ಮಾರ್ಗದ ಕೈಸರ್‌ಡಾಮ್‌ನಿಂದ ನಡೆಯಬಹುದು. ಮುಖ್ಯ ರೈಲು ನಿಲ್ದಾಣದಿಂದ ದೂರ.
- ಫ್ರಾಂಕ್‌ಫರ್ಟ್: ಮುಖ್ಯ ರೈಲು ನಿಲ್ದಾಣದ ದಕ್ಷಿಣ ಬದಿ. ವಿಮಾನ ನಿಲ್ದಾಣದ ಸ್ಟಾಪ್ ಬೇರೆ.
- ಸ್ಟುಟ್‌ಗಾರ್ಟ್: ಹೆಚ್ಚಿನ ಬಸ್ಸುಗಳು ವಿಮಾನ ನಿಲ್ದಾಣದಲ್ಲಿ.
- ಕಲೋನ್: ನಗರದ ನಡುವೆ ಅಲ್ಲ, ಹೆಚ್ಚಾಗಿ ಕಲೋನ್–ಬಾನ್ ವಿಮಾನ ನಿಲ್ದಾಣದಲ್ಲಿ.
- ಪ್ರಾಗ್: ಫ್ಲೋರೆಂಟ್ಸ್ ಬಸ್ ನಿಲ್ದಾಣ. ಮೆಟ್ರೋ ಬಿ ಮತ್ತು ಸಿ ಮಾರ್ಗಗಳು.

ಸಾಮಾನು

ಒಬ್ಬರಿಗೆ ಒಂದು ಕೈಚೀಲ (42 × 30 × 18 ಸೆಂ.ಮೀ., 7 ಕಿಲೋ) ಮತ್ತು ಡಿಕ್ಕಿಗೆ ಒಂದು ದೊಡ್ಡ ಪೆಟ್ಟಿಗೆ (80 × 50 × 30 ಸೆಂ.ಮೀ., 20 ಕಿಲೋ). ವಿಮಾನದ 23 ಕಿಲೋ ಲೆಕ್ಕ ಇಲ್ಲಿಲ್ಲ. ಹೆಚ್ಚುವರಿ ಪೆಟ್ಟಿಗೆಗೆ ಮೊದಲೇ ಹಣ ಕಟ್ಟಿ; ಜಾಗವಿಲ್ಲದಿದ್ದರೆ ಚಾಲಕರು ನಿರಾಕರಿಸಬಹುದು.

ಡಿಕ್ಕಿಯ ವಿಷಯದಲ್ಲಿ ಮಾತ್ರ ನಾವು ಸ್ವಲ್ಪ ಹೆಚ್ಚೇ ಹೇಳುತ್ತೇವೆ, ಸಹಿಸಿಕೊಳ್ಳಿ. ನಮ್ಮ ಸಂಘದ ಒಂದು ಕುಟುಂಬ ಬೇರೊಂದು ದೇಶದಲ್ಲಿ ಇಂಥದೇ ಅಗ್ಗದ ಬಸ್ಸಿನಲ್ಲಿ ಹೋಗುತ್ತಿದ್ದಾಗ ನಡುವಿನ ಸ್ಟಾಪಿನಲ್ಲಿ ಇಳಿದ ಯಾರೋ ಅವರ ಕಪ್ಪು ಸೂಟ್‌ಕೇಸನ್ನು ಎಳೆದುಕೊಂಡು ಹೋದರು. ಉದ್ದೇಶಪೂರ್ವಕವೋ ಕಣ್ತಪ್ಪೋ ತಿಳಿಯಲಿಲ್ಲ, ಪೆಟ್ಟಿಗೆ ಮರಳಿ ಸಿಗಲಿಲ್ಲ. ಅದರಲ್ಲಿ ತಾಯಿಯ ಎರಡು ಮೈಸೂರು ರೇಷ್ಮೆ ಸೀರೆಗಳ ಜೊತೆಗೆ ಮೂಲ ವಿವಾಹ ಪ್ರಮಾಣಪತ್ರವೂ ಇತ್ತು. ಸೀರೆಯ ದುಃಖ ಮರೆತರೂ ಪ್ರಮಾಣಪತ್ರದ ಇನ್ನೊಂದು ಪ್ರತಿ ತರಿಸಿ ಅಪಾಸ್ಟಿಲ್ (ವಿದೇಶದಲ್ಲಿ ನಡೆಯಲು ಬೇಕಾದ ಸರ್ಕಾರಿ ದೃಢೀಕರಣ) ಮಾಡಿಸುವ ಓಡಾಟವನ್ನು ಅವರು ಇನ್ನೂ ಮರೆತಿಲ್ಲ. ಆದ್ದರಿಂದ ಪಾಸ್‌ಪೋರ್ಟ್, ಒಡವೆ, ಲ್ಯಾಪ್‌ಟಾಪ್, ಔಷಧಿ, ಮೂಲ ದಾಖಲೆಗಳು ಸದಾ ಕೈಚೀಲದಲ್ಲಿರಲಿ. ಪೆಟ್ಟಿಗೆಗೆ ದೂರದಿಂದ ಕಾಣುವ ಬಣ್ಣದ ಬಟ್ಟೆ ಕಟ್ಟಿ, ಹೆಸರು ಮತ್ತು ಫೋನ್ ಸಂಖ್ಯೆ ಅಂಟಿಸಿ, ಡಿಕ್ಕಿ ಇರುವ ಬದಿಯ ಕಿಟಕಿ ಸಿಕ್ಕರೆ ಅಲ್ಲಿಯೇ ಕುಳಿತು, ಬಸ್ಸು ನಿಂತಾಗಲೆಲ್ಲ ಒಂದು ಕಣ್ಣಿಟ್ಟಿರಿ.

ದಾರಿಯಲ್ಲಿ

ಬೆಲ್ಟ್ ಇರುವ ಬಸ್ಸಿನಲ್ಲಿ ಅದನ್ನು ಕಟ್ಟಿಕೊಳ್ಳುವುದು ಕಡ್ಡಾಯ. ಮಗುವಿನ ಕಾರ್ ಸೀಟನ್ನು ಬಸ್ಸಿನವರು ಕೊಡುವುದಿಲ್ಲ. ನೀವೇ ತರಬೇಕು, ಅದೂ ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟಿಗೆ ಹೊಂದುವಂಥದ್ದು. ಶೌಚಾಲಯ ಬಸ್ಸಿನೊಳಗೇ ಇದೆ, ಆದರೆ ಕಿರಿದಾದ ಮೆಟ್ಟಿಲಿಳಿದು ಹೋಗಬೇಕು. ಮಂಡಿನೋವಿರುವ ಹಿರಿಯರು ಬಸ್ಸು ನಿಂತಾಗ ಹೋಗುವುದು ಒಳ್ಳೆಯದು.

ನಾಲ್ಕೂವರೆ ಗಂಟೆ ಓಡಿಸಿದ ಚಾಲಕರು 45 ನಿಮಿಷ ವಿಶ್ರಾಂತಿ ಪಡೆಯಲೇಬೇಕೆಂದು ಯುರೋಪಿನ ಕಾನೂನು ಹೇಳುತ್ತದೆ. ಆದ್ದರಿಂದ ಹೆದ್ದಾರಿ ಬದಿಯಲ್ಲಿ ಬಸ್ಸು ಸುಮ್ಮನೆ ನಿಂತಿದೆ ಎಂದು ಗೊಣಗಬೇಡಿ. ಇಳಿಯುವಾಗ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಚಾಲಕರನ್ನು ಕೇಳಿ, ಬಸ್ಸಿನ ನಂಬರ್ ಪ್ಲೇಟಿನ ಫೋಟೊ ತೆಗೆದುಕೊಳ್ಳಿ, ಏಕೆಂದರೆ ಅಲ್ಲಿ ಒಂದೇ ಬಣ್ಣದ ಹಲವು ಬಸ್ಸುಗಳು ನಿಂತಿರಬಹುದು. ತಲೆ ಎಣಿಸಿ "ಎಲ್ಲರೂ ಬಂದಿರಾ?" ಎಂದು ಕೂಗುವವರು ಇರುತ್ತಾರೆಂದು ನಂಬಬೇಡಿ. ಹೆದ್ದಾರಿ ಶೌಚಾಲಯಕ್ಕೆ ಸಾಮಾನ್ಯವಾಗಿ ಒಂದು ಯೂರೊ ನಾಣ್ಯ ಬೇಕು.

ಚಪಾತಿ, ಪುಳಿಯೋಗರೆ, ಚಿತ್ರಾನ್ನ ಕಟ್ಟಿಕೊಂಡು ಹೋಗಿ. ಬೆಳ್ಳುಳ್ಳಿ ಚಟ್ನಿಪುಡಿಯ ಡಬ್ಬಿಯನ್ನು ಬಸ್ಸು ನಿಂತ ಮೇಲೆ ಹೊರಗೆ ತೆರೆಯಿರಿ. ಸ್ಪೀಕರ್ ಹಾಕಿಕೊಂಡು ಊರಿಗೆ ವಿಡಿಯೊ ಕಾಲ್ ಮಾಡುವವರಿಂದ ನಮ್ಮೆಲ್ಲರ ಹೆಸರೂ ಕೆಡುತ್ತದೆ ಎಂಬುದನ್ನು ನೆನಪಿಡಿ.

ಗಡಿ

ಷೆಂಗೆನ್ (ಪರಸ್ಪರ ಗಡಿ ತಪಾಸಣೆ ಕೈಬಿಟ್ಟ ಯುರೋಪಿನ ದೇಶಗಳ ಕೂಟ) ಒಳಗೆ ತಪಾಸಣೆಯೇ ಇಲ್ಲ ಎಂಬ ಮಾತನ್ನು ನಂಬಿ ಪಾಸ್‌ಪೋರ್ಟನ್ನು ಬೀರುವಿನಲ್ಲಿ ಬಿಟ್ಟು ಹೋಗಬೇಡಿ. ಆಸ್ಟ್ರಿಯಾ ಗಡಿಯಲ್ಲಿ 2015ರಿಂದ ಇದ್ದ ಪೊಲೀಸ್ ತಪಾಸಣೆಯನ್ನು ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ಭೂಗಡಿಗಳಿಗೂ ವಿಸ್ತರಿಸಿತು. ದೂರದ ಬಸ್ಸನ್ನು ಬದಿಗೆ ನಿಲ್ಲಿಸಿ ಪೊಲೀಸರು ಹತ್ತಿ ಒಬ್ಬೊಬ್ಬರ ಕಾಗದ ನೋಡುವುದು ಸಾಮಾನ್ಯ. ಮಕ್ಕಳೂ ಸೇರಿದಂತೆ ಪ್ರತಿಯೊಬ್ಬರ ಮೂಲ ಪಾಸ್‌ಪೋರ್ಟ್ ಮತ್ತು ನಿವಾಸ ಪರವಾನಗಿ ಕಾರ್ಡ್ ಕೈಯಲ್ಲಿರಬೇಕು; ಜೆರಾಕ್ಸ್ ಆಗಲಿ, ಮೊಬೈಲಿನ ಫೋಟೊ ಆಗಲಿ ನಡೆಯುವುದಿಲ್ಲ. ವೀಸಾ ಮುಗಿದು ಕಾರ್ಡ್ ಇನ್ನೂ ಕೈಸೇರದ ನಡುಗಾಲದಲ್ಲಿ, ಕಚೇರಿಯವರು ತಾತ್ಕಾಲಿಕ ಕಾಗದ ಕೊಟ್ಟಿದ್ದರೂ, ಪ್ರಾಗ್, ವಿಯೆನ್ನಾ ಪ್ರವಾಸ ಮುಂದೂಡಿ. ಈ ಒಂದು ಸಲಹೆಯನ್ನು ಕಡೆಗಣಿಸಿದವರಿಂದ ರಾತ್ರಿ ಎರಡು ಗಂಟೆಗೆ ಬರುವ ಫೋನಿಗೆ ನಮ್ಮ ಸ್ವಯಂಸೇವಕರ ಬಳಿ ಯಾವ ಪರಿಹಾರವೂ ಇರುವುದಿಲ್ಲ.

ತಡವಾದರೆ

ಸಂಚಾರ 250 ಕಿಲೋಮೀಟರ್ ಅಥವಾ ಅದಕ್ಕಿಂತ ದೀರ್ಘವಾಗಿರುವ ಬಸ್ಸುಗಳಿಗೆ ಯುರೋಪಿನ 181/2011 ಸಂಖ್ಯೆಯ ನಿಯಮಾವಳಿ ಅನ್ವಯಿಸುತ್ತದೆ. ಬಸ್ಸು ರದ್ದಾದರೆ ಅಥವಾ ಹೊರಡುವುದೇ ಎರಡು ಗಂಟೆಗಿಂತ ತಡವಾದರೆ, ಬೇರೆ ದಾರಿಯಲ್ಲಿ ಪ್ರಯಾಣ ಮುಂದುವರಿಸುವುದೋ ಟಿಕೆಟ್ ಹಣ ಹಿಂಪಡೆಯುವುದೋ ಎಂಬ ಆಯ್ಕೆಯನ್ನು ಕಂಪನಿ ನಿಮಗೆ ಕೊಡಬೇಕು. ಆ ಆಯ್ಕೆಯನ್ನೇ ಕೊಡದಿದ್ದರೆ ಟಿಕೆಟ್ ಹಣದ ಜೊತೆಗೆ ಅದರ ಅರ್ಧದಷ್ಟು ಪರಿಹಾರ ಕೇಳಬಹುದು. ಮೂರು ಗಂಟೆಗಿಂತ ದೀರ್ಘವಾದ ಪ್ರಯಾಣ ರದ್ದಾದರೆ ಅಥವಾ ಒಂದೂವರೆ ಗಂಟೆಗಿಂತ ತಡವಾಗಿ ಹೊರಟರೆ ಸಾಧ್ಯವಾದ ಮಟ್ಟಿಗೆ ತಿಂಡಿ, ಪಾನೀಯ ಒದಗಿಸಬೇಕು. ರಾತ್ರಿ ಉಳಿಯಬೇಕಾಗಿ ಬಂದರೆ, ಕೆಟ್ಟ ಹವಾಮಾನ ಕಾರಣವಲ್ಲದಿದ್ದಲ್ಲಿ, ಒಬ್ಬರಿಗೆ ರಾತ್ರಿಗೆ 80 ಯೂರೊವರೆಗೆ, ಎರಡು ರಾತ್ರಿಯ ತನಕ ವಸತಿ ವೆಚ್ಚ ಕೊಡಬೇಕು.

ದೂರನ್ನು ಮೂರು ತಿಂಗಳೊಳಗೆ ಕಂಪನಿಗೇ ಬರೆಯಬೇಕು. ಬಂದ ಸಂದೇಶಗಳ ಸ್ಕ್ರೀನ್‌ಶಾಟ್, ನಿಲ್ದಾಣದ ಫಲಕದ ಫೋಟೊ, ಖರ್ಚಿನ ರಸೀದಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ಫೆಡರಲ್ ರೈಲ್ವೆ ಕಚೇರಿಗೆ ದೂರು ಕೊಡಬಹುದು. ಹೆಸರು ರೈಲ್ವೆಯದಾದರೂ ಬಸ್ ಪ್ರಯಾಣಿಕರ ಹಕ್ಕುಗಳನ್ನು ನೋಡಿಕೊಳ್ಳುವುದೂ ಅದೇ. ನಮ್ಮವರು ಗುಂಪಿನಲ್ಲಿ ಉದ್ದುದ್ದ ಬೈದು ಸುಮ್ಮನಾಗುತ್ತಾರೆ, ಎರಡು ಸಾಲಿನ ಅರ್ಜಿ ಮಾತ್ರ ಬರೆಯುವುದಿಲ್ಲ.

ಆದರೆ ಒಂದನ್ನು ಗಮನಿಸಿ: ಈ ಹಕ್ಕುಗಳೆಲ್ಲ ಹೊರಡುವ ಸಮಯಕ್ಕೆ ಸಂಬಂಧಿಸಿದವು. ಸಮಯಕ್ಕೆ ಸರಿಯಾಗಿ ಹೊರಟ ಬಸ್ಸು ವಾಹನದಟ್ಟಣೆಯಲ್ಲೋ ಗಡಿಯಲ್ಲೋ ಸಿಕ್ಕಿಕೊಂಡು ಮೂರು ಗಂಟೆ ತಡವಾಗಿ ತಲುಪಿದರೆ ಈ ನಿಯಮಾವಳಿಯಲ್ಲಿ ಪರಿಹಾರವಿಲ್ಲ. ರೈಲಿನಲ್ಲಿ ಹಾಗಲ್ಲ, ಅಲ್ಲಿ ಒಂದು ಗಂಟೆ ತಡವಾಗಿ ತಲುಪಿದರೆ ಸಾಮಾನ್ಯವಾಗಿ ಶೇಕಡ 25ರಷ್ಟು ಹಣ ಹಿಂದೆ ಸಿಗುತ್ತದೆ.

ಎಲ್ಲಿಗೆ ಬಸ್ಸು, ಎಲ್ಲಿಗೆ ಬೇಡ

ಮ್ಯೂನಿಕ್‌ನಿಂದ ಪ್ರಾಗ್‌ಗೆ ರೈಲಿಗಿಂತ ಬಸ್ಸೇ ಬೇಗ, ಬಸ್ಸೇ ಲೇಸು. ಬರ್ಲಿನ್‌ಗೆ ಅತಿವೇಗದ ಐಸಿಇ ರೈಲು ಸುಮಾರು ನಾಲ್ಕು ಗಂಟೆ ತೆಗೆದುಕೊಂಡರೆ ಬಸ್ಸಿಗೆ ಅದರ ಎರಡರಷ್ಟು ಬೇಕಾಗಬಹುದು. ಮೇಲಾಗಿ 15 ವರ್ಷದೊಳಗಿನ ಮಕ್ಕಳು ಹೆತ್ತವರ ಜೊತೆ ದೂರದ ರೈಲಿನಲ್ಲಿ ಉಚಿತವಾಗಿ ಹೋಗಬಹುದು, ಬಸ್ಸಿನಲ್ಲಿ ಅವರಿಗೂ ಟಿಕೆಟ್ ಬೇಕು. ಇಬ್ಬರು ಮಕ್ಕಳ ಕುಟುಂಬ ಮೊದಲೇ ಕಾಯ್ದಿರಿಸಿದರೆ ಎಷ್ಟೋ ಸಲ ರೈಲೇ ಅಗ್ಗ. ಸಾಲ್ಜ್‌ಬರ್ಗ್, ನ್ಯೂರೆಂಬರ್ಗ್‌ಗೆ ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿಯಾದ್ಯಂತ ಸ್ಥಳೀಯ ರೈಲು, ಬಸ್ಸುಗಳಲ್ಲಿ ನಡೆಯುವ ತಿಂಗಳ ಪಾಸ್) ಇದ್ದವರು ಬಸ್ಸಿಗೆ ಹಣ ಸುರಿಯುವುದು ದಂಡ. ಸ್ಥಳೀಯ ರೈಲು ಅಲ್ಲಿಯವರೆಗೂ ಹೋಗುತ್ತದೆ. ಆ ಟಿಕೆಟ್ ಹಸಿರು ಬಸ್ಸಿನಲ್ಲಿ ನಡೆಯುವುದಿಲ್ಲ ಎಂಬುದನ್ನೂ ತಿಳಿದಿರಿ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಬಂದಿಳಿಯುವ ಅಪ್ಪ ಅಮ್ಮಂದಿರಿಗೆ ಅಲ್ಲಿಂದ ಮ್ಯೂನಿಕ್‌ಗೆ ಬಸ್ ಟಿಕೆಟ್ ತೆಗೆಯುವವರು ವಿಮಾನ ಇಳಿಯುವ ಹೊತ್ತಿಗೂ ಬಸ್ಸು ಹೊರಡುವ ಹೊತ್ತಿಗೂ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ, ಒಬ್ಬೊಬ್ಬರ ಎರಡನೇ ಪೆಟ್ಟಿಗೆಗೂ ಮೊದಲೇ ಹಣ ಕಟ್ಟಿ, ಕ್ಯೂಆರ್ ಕೋಡನ್ನು ಕಾಗದದ ಮೇಲೆ ಮುದ್ರಿಸಿ ಊರಿನಲ್ಲಿರುವಾಗಲೇ ಅವರ ಕೈಗೆ ಸೇರಿಸಿ. ನಮ್ಮನ್ನು ಕೇಳಿದರೆ, ಮೊದಲ ಸಲ ಬರುವ ಹಿರಿಯರಿಗೆ ಈ ಬಸ್ಸು ಬೇಡವೇ ಬೇಡ. ಬೆಂಗಳೂರಿನಿಂದ ನೇರವಾಗಿ ಮ್ಯೂನಿಕ್‌ಗೇ ಬರುವ ವಿಮಾನ ಸಿಕ್ಕರೆ ಅದರಲ್ಲೇ ಕರೆಸಿಕೊಳ್ಳಿ. ಆಗದಿದ್ದರೆ ಮಗನೋ ಮಗಳೋ ಒಂದು ದಿನ ರಜೆ ಹಾಕಿ ಫ್ರಾಂಕ್‌ಫರ್ಟ್‌ಗೆ ಹೋಗಿ ಜೊತೆಯಲ್ಲೇ ಕರೆದುಕೊಂಡು ಬರಬೇಕು.