ಗೊತ್ತಿರುವ ಪದವೇ ಎಡವಿಸುತ್ತದೆ: ಸಮಯಸಾರ ಓದುವುದು ಹೇಗೆ?

ಸಮಯಸಾರ ಎಂದ ಕೂಡಲೇ ನಮ್ಮ ತಲೆ ಗಡಿಯಾರದ ಕಡೆ ಹೋಗುತ್ತದೆ. ಕನ್ನಡದಲ್ಲಿ ಸಮಯ ಎಂದರೆ ಹೊತ್ತು, ಅಲ್ವಾ? ಕುಂದಕುಂದಾಚಾರ್ಯರ ಈ ಪ್ರಾಕೃತ ಗ್ರಂಥದಲ್ಲಿ ಮಾತ್ರ ಸಮಯ ಎಂದರೆ ಆತ್ಮ. ಜೈನ ಅಧ್ಯಾತ್ಮ ಗ್ರಂಥಗಳನ್ನು ಅನುವಾದದಲ್ಲಿ ಓದುವ ಕನ್ನಡಿಗರಿಗೆ ದೊಡ್ಡ ತೊಡಕು ಇದೇ. ಗೊತ್ತಿಲ್ಲದ ಪದ ಬಂದರೆ ನಿಂತು ಅರ್ಥ ಹುಡುಕುತ್ತೇವೆ. ಗೊತ್ತಿರುವ ಪದ ಬಂದರೆ ನಿಲ್ಲುವುದೇ ಇಲ್ಲ. ನಾನೂ ಹಾಗೇ ಸುಮಾರು ದೂರ ಓದಿಕೊಂಡು ಹೋಗಿ, ಮತ್ತೆ ಮೊದಲ ಪುಟಕ್ಕೆ ಬಂದವನು.

ಶುರುವಿಗೇ ಸಮಯಸಾರ ಬೇಡ. ಅಮೃತಚಂದ್ರರು ವ್ಯಾಖ್ಯಾನ ಬರೆದ ಆವೃತ್ತಿಯಲ್ಲಿ ಅದು 415 ಗಾಥೆಗಳ, ಅಂದರೆ ಪ್ರಾಕೃತ ಪದ್ಯಗಳ ಗ್ರಂಥ. ಮೊದಲು ಪೂಜ್ಯಪಾದರ ಇಷ್ಟೋಪದೇಶ ಹಿಡಿಯಿರಿ. ಸಂಸ್ಕೃತದಲ್ಲಿದೆ, ಬರೀ 51 ಶ್ಲೋಕ. ಅದರಲ್ಲೊಂದು ಹಕ್ಕಿಗಳ ಚಿತ್ರವಿದೆ. ದಿಕ್ಕುದಿಕ್ಕಿನಿಂದ ಬಂದ ಹಕ್ಕಿಗಳು ರಾತ್ರಿ ಒಂದೇ ಮರದಲ್ಲಿ ಕೂರುತ್ತವೆ, ಬೆಳಗಾದರೆ ತಮ್ಮ ತಮ್ಮ ಕೆಲಸಕ್ಕೆ ಹಾರಿಹೋಗುತ್ತವೆ. ಮನೆ, ನೆಂಟರು ಎಲ್ಲವೂ ಹೀಗೆಯೇ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಈ ದಾರಿಯ ಮನಸ್ಸು ಏನೆಂದು ಇಷ್ಟರಲ್ಲೇ ಗೊತ್ತಾಗುತ್ತದೆ.

ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಡಗಡೆ ಪದ, ಬಲಗಡೆ ಈ ಗ್ರಂಥಗಳಲ್ಲಿ ಅದಕ್ಕಿರುವ ಅರ್ಥ. ಕಷ್ಟದ ಪದಗಳನ್ನು ಬರೆಯುವ ಅಗತ್ಯ ಜಾಸ್ತಿ ಇಲ್ಲ, ಸುಲಭದ ಪದಗಳನ್ನೇ ಬರೆಯಿರಿ. ನಮಗೆ ಯೋಗ ಎಂದರೆ ಆಸನ, ಪ್ರಾಣಾಯಾಮ. ಜೈನ ಕರ್ಮಸಿದ್ಧಾಂತದಲ್ಲಿ ಯೋಗ ಎಂದರೆ ಮನಸ್ಸು, ಮಾತು, ಮೈಗಳ ಚಲನೆ. ಕರ್ಮ ಒಳಗೆ ಹರಿದು ಬರುವುದೇ ಅದರಿಂದ! ಲೋಕದ ಮೂಲವಸ್ತುಗಳಾದ ಆರು ದ್ರವ್ಯಗಳ ವಿಷಯ ಬಂದಾಗ ಧರ್ಮ ಎಂದರೆ ಪುಣ್ಯವೂ ಅಲ್ಲ, ಮತವೂ ಅಲ್ಲ. ಮೀನು ಈಜಲು ನೀರು ಹೇಗೆ ನೆರವಾಗುತ್ತದೋ ಹಾಗೆ ಚಲನೆಗೆ ನೆರವಾಗುವ ದ್ರವ್ಯ ಅದು. ಅಧರ್ಮ ಎಂದರೆ ದಾರಿಹೋಕನಿಗೆ ನೆರಳಿನ ಹಾಗೆ ನಿಲ್ಲಲು ನೆರವಾಗುವುದು.

ಎಲ್ಲಕ್ಕಿಂತ ಜಾಸ್ತಿ ಎಡವಿಸುವ ಪದ ಉಪಯೋಗ. ಸಮಯಸಾರದ 36ನೇ ಗಾಥೆ, ಮೋಹ ನನ್ನದೇನೂ ಅಲ್ಲ, ನಾನು ಉಪಯೋಗ ಒಂದೇ ಎನ್ನುತ್ತದೆ. ಬಳಕೆ ಎಂಬ ಅರ್ಥದಲ್ಲಿ ಓದಿದರೆ ಸಾಲು ಪೂರ್ತಿ ಹಾಳಾಗುತ್ತದೆ. ಇಲ್ಲಿ ಉಪಯೋಗ ಎಂದರೆ ಅರಿವು ಕೆಲಸ ಮಾಡುವ ಬಗೆ: ಆತ್ಮದ ನೋಡುವಿಕೆ, ತಿಳಿಯುವಿಕೆ. ಕನ್ನಡ ಅನುವಾದಗಳಲ್ಲಿ ಪದ ಹಾಗೇ ಉಳಿದುಬಿಡುವುದುಂಟು. ಇಂಗ್ಲಿಷಿಗೆ ತಂದವರು ಬೇರೆ ಪದ ಹುಡುಕಲೇಬೇಕಾಗುತ್ತದೆ. ಅದಕ್ಕೇ ಕನ್ನಡದ ಪುಸ್ತಕದ ಪಕ್ಕದಲ್ಲಿ ಇಂಗ್ಲಿಷಿನದೂ ಒಂದಿರಲಿ. ಎ. ಚಕ್ರವರ್ತಿ ಅವರದು 1950ರದು, ವಿಜಯ್ ಕೆ. ಜೈನ್ ಅವರದು 2012ರದು. ಎರಡು ಅನುವಾದ ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ.

ಈಗ ಮೂಲವನ್ನು ಗಟ್ಟಿಯಾಗಿ ಓದಿ. ಪ್ರಾಕೃತ ಬರುವುದಿಲ್ಲ ಎಂದು ಹೆದರಬೇಡಿ. 146ನೇ ಗಾಥೆ ನೋಡಿ:

ಸೋವಣ್ಣಿಯಂ ಪಿ ಣಿಯಲಂ ಬಂಧದಿ ಕಾಲಾಯಸಂ ಪಿ ಜಹ ಪುರಿಸಂ
ಬಂಧದಿ ಏವಂ ಜೀವಂ ಸುಹಮಸುಹಂ ವಾ ಕದಂ ಕಮ್ಮಂ

ಸೋವಣ್ಣದಲ್ಲಿ ಸುವರ್ಣ ಕೇಳಿಸುತ್ತದೆ. ಪುರಿಸ ಪುರುಷ, ಕಮ್ಮ ಕರ್ಮ, ಸುಹ ಶುಭ. ಚಿನ್ನದ ಬೇಡಿಯೂ ಕಬ್ಬಿಣದ ಬೇಡಿಯಂತೆಯೇ ಮನುಷ್ಯನನ್ನು ಕಟ್ಟಿಹಾಕುತ್ತದೆ. ಹಾಗೆಯೇ, ಮಾಡಿದ ಕರ್ಮ ಶುಭವಿರಲಿ ಅಶುಭವಿರಲಿ, ಜೀವವನ್ನು ಕಟ್ಟುತ್ತದೆ. ಬಂಧದಿ ಎಂಬುದು ಎರಡು ಸಲ ಬರುತ್ತದೆ. ಬಾಯಿಬಿಟ್ಟು ಓದಿದಾಗ ಆ ಎರಡನೆಯ ಸಲದ ಪೆಟ್ಟು ಗೊತ್ತಾಗುತ್ತದೆ. ಅನುವಾದ ಎಷ್ಟೇ ಚೆನ್ನಾಗಿರಲಿ, ಅದು ಸಿಗುವುದು ಕಷ್ಟ.

ಇಂಥ ಸಾಲು ಓದಿದಾಗ ಪುಣ್ಯವೂ ಬೇಡಿಯಾದರೆ ವ್ರತ, ಪೂಜೆ ಯಾಕೆ ಎನಿಸುತ್ತದೆ. ಇಲ್ಲಿ ನಿಧಾನಿಸಿ. ಈ ಮಾತು ಯಾವ ನಯದಿಂದ, ಅಂದರೆ ಯಾವ ದೃಷ್ಟಿಯಿಂದ, ಬಂದದ್ದು ಎಂದು ಕೇಳಿಕೊಳ್ಳಿ. ನಿಶ್ಚಯನಯ ಆತ್ಮವನ್ನು ಅದರ ನಿಜ ಸ್ವರೂಪದಲ್ಲಷ್ಟೇ ನೋಡುತ್ತದೆ. ವ್ಯವಹಾರನಯ ಮೈ, ಕರ್ಮ, ಲೋಕದ ಜೊತೆ ಸೇರಿಸಿ ನೋಡುತ್ತದೆ. (ವ್ಯವಹಾರವನ್ನೂ ನೋಟ್‌ಬುಕ್ಕಿಗೆ ಸೇರಿಸಿ, ಇದು ಅಂಗಡಿಯ ವ್ಯವಹಾರ ಅಲ್ಲ.) 8ನೇ ಗಾಥೆಯಲ್ಲಿ ಕುಂದಕುಂದರೇ ಹೇಳುತ್ತಾರೆ: ಅನಾರ್ಯನಿಗೆ ಅವನ ಭಾಷೆ ಬಿಟ್ಟು ಬೇರೆಯದರಲ್ಲಿ ತಿಳಿಸಲು ಆಗದಂತೆ, ವ್ಯವಹಾರ ಬಿಟ್ಟು ಪರಮಾರ್ಥವನ್ನು ಹೇಳಿಕೊಡಲು ಆಗದು. ಅನುವಾದ ಯಾಕೆ ಬೇಕು ಎನ್ನುವುದಕ್ಕೂ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಯಾವ ನಯ ಎಂದು ಕೇಳದೆ ಓದಿದರೆ ಏನಾಗುತ್ತದೆ? 17ನೇ ಶತಮಾನದಲ್ಲಿ ಆಗ್ರಾದಲ್ಲಿದ್ದ ವ್ಯಾಪಾರಿ, ಕವಿ ಬನಾರಸೀದಾಸರು ಅದನ್ನು ತಮ್ಮ ಆತ್ಮಕಥೆಯಲ್ಲೇ ಬರೆದಿದ್ದಾರೆ. ಜನರ ಮಾತಿನಲ್ಲಿದ್ದ ರಾಜಮಲ್ಲರ ವ್ಯಾಖ್ಯಾನದ ಜೊತೆ ಸಮಯಸಾರ ಓದಿ, ಜಪತಪಗಳನ್ನೆಲ್ಲ ಬಿಟ್ಟುಬಿಟ್ಟರು. ಹಲವು ವರ್ಷಗಳಾದ ಮೇಲೆ ಅವರನ್ನು ಸರಿದಾರಿಗೆ ತಂದದ್ದು ಗೊಮ್ಮಟಸಾರದ ಪಾಠ. ಅದು ನಮ್ಮ ಚಾವುಂಡರಾಯನಿಗಾಗಿ ನೇಮಿಚಂದ್ರರು ಬರೆದ ಗ್ರಂಥ.

ಹಾಗಾಗಿ ಚಿನ್ನದ ಬೇಡಿಯ ಗಾಥೆ ಓದಿದ ದಿನವೇ ಇಷ್ಟೋಪದೇಶದ 3ನೇ ಶ್ಲೋಕಕ್ಕೆ ಮರಳಿ. ಒಬ್ಬ ನೆರಳಲ್ಲಿ ನಿಂತು ಕಾಯುತ್ತಾನೆ, ಇನ್ನೊಬ್ಬ ಬಿಸಿಲಲ್ಲಿ. ಇಬ್ಬರೂ ಕಾಯುತ್ತಿರುವವರೇ, ಆದರೂ ವ್ಯತ್ಯಾಸ ದೊಡ್ಡದು. ವ್ರತದಿಂದ ಸಿಗುವುದು ಆ ನೆರಳು. ಎರಡನ್ನೂ ಒಂದೇ ಪುಟದಲ್ಲಿ ಬರೆದಿಡಿ.

ದಿನಕ್ಕೆ ಒಂದೆರಡು ಗಾಥೆ ಸಾಕು. ಹತ್ತಿರದ ಬಸದಿಯಲ್ಲಿ ಸ್ವಾಧ್ಯಾಯ ನಡೆಯುತ್ತಿದ್ದರೆ ಹೋಗಿ ಕೂತು ಕೇಳಿ.

ಸಮಯಸಾರ ಮುಗಿದ ಮೇಲೆ ಯೋಗೀಂದು ಅವರ ಅಪಭ್ರಂಶ ಕೃತಿಗಳಿಗೆ ಹೋಗಬಹುದು. ಅವರ ಪರಮಾತ್ಮಪ್ರಕಾಶವನ್ನು 1937ರಲ್ಲಿ ಸಂಪಾದಿಸಿ ಲೋಕಕ್ಕೆ ಕೊಟ್ಟವರು ಬೆಳಗಾವಿ ಜಿಲ್ಲೆಯ ಸದಲಗಾದ ಆ. ನೇ. ಉಪಾಧ್ಯೆ. ಯೋಗಸಾರ ಇನ್ನೂ ಚಿಕ್ಕದು, 108 ಪದ್ಯ. ಆದರೆ ಈ ಹೆಸರಿನಲ್ಲಿರುವ ಯೋಗ ಕರ್ಮವನ್ನು ಒಳಗೆ ತರುವ ಯೋಗವಲ್ಲ, ಆತ್ಮದಲ್ಲಿ ನಿಲ್ಲುವ ಧ್ಯಾನ. ನೋಟ್‌ಬುಕ್‌ನಲ್ಲಿ ಆ ಪದದ ಮುಂದೆ ಇನ್ನೊಂದು ಸಾಲಿಗೆ ಜಾಗ ಬಿಟ್ಟಿರಿ.