ಸೇನೆಯಲ್ಲಿ ಬಡ್ತಿ: ಸೀನಿಯಾರಿಟಿ ಒಂದೇ ಸಾಲದು

ಭೂಸೇನೆಯಲ್ಲಿ ಜವಾನನ ಏಣಿ ಹೀಗಿದೆ: ಸಿಪಾಯಿ, ಲ್ಯಾನ್ಸ್ ನಾಯಕ್ (ತೋಳಿಗೆ ಒಂದು ಪಟ್ಟಿ), ನಾಯಕ್ (ಎರಡು), ಹವಾಲ್ದಾರ್ (ಮೂರು). ಅದರ ಮೇಲೆ ಜೆಸಿಒಗಳು, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್‌ಗಳು: ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಸುಬೇದಾರರ ಹೆಗಲ ಮೇಲೂ ಲೆಫ್ಟಿನೆಂಟ್‌ನಂತೆ ಎರಡು ನಕ್ಷತ್ರಗಳಿರುತ್ತವೆ. ಜೊತೆಗೊಂದು ಬಣ್ಣದ ಪಟ್ಟಿ ಇದೆಯೇ ನೋಡಿ, ಇದ್ದರೆ ಅವರು ಜೆಸಿಒ.

ಸೀನಿಯಾರಿಟಿ ಎಣಿಸುವುದು ಆಯಾ ರೆಜಿಮೆಂಟ್ ಅಥವಾ ಕೋರ್‌ನೊಳಗೆ, ಅದರಲ್ಲೂ ಟ್ರೇಡ್‌ವಾರು, ಅಂದರೆ ಮಾಡುವ ಕೆಲಸದ ಪ್ರಕಾರ. ಹಾಗಾಗಿ ಅಂಕೋಲೆಯ ಇಬ್ಬರು ಒಂದೇ ದಿನ ಭರ್ತಿಯಾಗಿ, ಒಬ್ಬ ಮರಾಠಾ ಲೈಟ್ ಇನ್‌ಫೆಂಟ್ರಿಗೆ, ಇನ್ನೊಬ್ಬ ಸಿಗ್ನಲ್ಸ್‌ಗೆ ಹೋದರೆ ಇಬ್ಬರೂ ಒಟ್ಟಿಗೇ ನಾಯಕ್ ಆಗಬೇಕೆಂದಿಲ್ಲ. ಮೇಲಿನವರು ನಿವೃತ್ತರಾಗಿ ಜಾಗ ಖಾಲಿಯಾದರೆ ಮಾತ್ರ ರೆಕಾರ್ಡ್ ಆಫೀಸ್ ಪಟ್ಟಿ ತೆಗೆಯುತ್ತದೆ. ಪ್ರಮೋಷನ್ ಕೇಡರ್ (ಬಡ್ತಿಗೆ ಬೇಕಾದ ತರಬೇತಿ, ಪರೀಕ್ಷೆ) ಪಾಸಾಗಿದೆಯೇ, ಶಿಕ್ಷಣದ ಅರ್ಹತೆ ಇದೆಯೇ, ಮೆಡಿಕಲ್ ಕೆಟಗರಿ ಸರಿಯಿದೆಯೇ, ರೆಡ್ ಇಂಕ್ ಎಂಟ್ರಿ (ಶಿಕ್ಷೆಯ ದಾಖಲೆ) ಬಿದ್ದಿದೆಯೇ ಎಂದೆಲ್ಲ ನೋಡುತ್ತಾರೆ. ನಾಯಬ್ ಸುಬೇದಾರ್ ಆಗುವ ಹಂತದಲ್ಲಿ ವಾರ್ಷಿಕ ಗೋಪ್ಯ ವರದಿಯ, ಅಂದರೆ ಎಸಿಆರ್‌ನ ತೂಕ ಹೆಚ್ಚು.

ಹೆಚ್ಚಿನವರು ಎಡವುವುದು ಅನ್‌ವಿಲಿಂಗ್ ಸರ್ಟಿಫಿಕೇಟ್‌ನಲ್ಲಿ. ಮನೆಯ ತಾಪತ್ರಯಕ್ಕೋ ವರ್ಗಾವಣೆಯ ಭಯಕ್ಕೋ 'ಕೇಡರ್ ಬೇಡ, ಬಡ್ತಿಯೂ ಬೇಡ' ಎಂದು ಸಹಿ ಹಾಕಿಬಿಡುತ್ತಾರೆ. ಜೂನಿಯರ್ ಮುಂದೆ ಹೋಗುತ್ತಾನೆ. ಅಷ್ಟಕ್ಕೇ ಮುಗಿಯುವುದಿಲ್ಲ, ಎಂಎಸಿಪಿಗೂ ಕುತ್ತು ಬರುತ್ತದೆ. 8, 16, 24 ವರ್ಷಗಳ ಸೇವೆಗೆ ಸಿಗುವ ಈ ಎಂಎಸಿಪಿ ಸಂಬಳದ ಹಂತ ಏರಿಸುತ್ತದೆಯೇ ಹೊರತು ರ್ಯಾಂಕ್ ಕೊಡುವುದಿಲ್ಲ. ಸಹಿಗೆ ಮುಂಚೆ ಹೆಡ್‌ಕ್ಲರ್ಕ್ ಸಾಹೇಬರ ಹತ್ತಿರ ಕೂತು ಲೆಕ್ಕ ಹಾಕಿಸುವುದು ಕ್ಷೇಮ.

ಅಗ್ನಿವೀರರಿಗೆ ಮೊದಲ 4 ವರ್ಷ ಈ ಏಣಿ ಇಲ್ಲ. ಖಾಯಂ ಆಗುವ ಗರಿಷ್ಠ ಶೇ 25 ಮಂದಿಗೆ ಆಮೇಲೆ ಶುರು.

ಅಧಿಕಾರಿಗಳ ಲೆಕ್ಕವೇ ಬೇರೆ. ಕಮಿಷನ್ ಆಗಿ, ಅಂದರೆ ಅಧಿಕಾರಿಯಾಗಿ ನೇಮಕಗೊಂಡು, 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್. ಪಾರ್ಟ್ ಬಿ, ಪಾರ್ಟ್ ಡಿ ಪರೀಕ್ಷೆಗಳನ್ನು ದಾಟಿರಬೇಕು, ಅಷ್ಟೇ; ಜಾಗ ಖಾಲಿಯಾಗಲಿ ಎಂದು ಕಾಯುವ ಗೋಜಿಲ್ಲ. ಕರ್ನಲ್‌ನಿಂದ ಮೇಲೆ ಸೆಲೆಕ್ಷನ್ ಬೋರ್ಡ್. ಮೊದಲ ಸಲ ತಪ್ಪಿದರೆ ಇನ್ನೆರಡು ಅವಕಾಶ ಸಿಗುತ್ತದೆ. ಅದೂ ಕೈತಪ್ಪಿದವರು 26 ವರ್ಷ ಸೇವೆಯಾದ ಮೇಲೆ ಟೈಮ್ ಸ್ಕೇಲ್ ಕರ್ನಲ್ ಆಗಬಹುದು. ಅರ್ಗಾದ ನೌಕಾನೆಲೆಯ ಆಸುಪಾಸಿನವರು ಒಂದು ವಿಷಯ ನೆನಪಿಡಬೇಕು: ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮ.

ಸಿಪಾಯಿಯಾಗಿ ಸೇರಿದವನೂ ಅಧಿಕಾರಿಯಾಗಬಹುದು. ಕಾರವಾರ ತಾಲ್ಲೂಕಿನ ಚೆಂಡಿಯಾದ ರಾಮ ರಾಘೋಬಾ ರಾಣೆ 1940ರಲ್ಲಿ ಬಾಂಬೆ ಎಂಜಿನಿಯರ್ಸ್‌ಗೆ ಸೇರಿ, 1947ರ ಡಿಸೆಂಬರ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ಮರುವರ್ಷ ಅವರಿಗೆ ಪರಮವೀರ ಚಕ್ರ ತಂದುಕೊಟ್ಟ ರಜೌರಿಯ ಸಾಹಸ ನಡೆಯಿತು. 1968ರಲ್ಲಿ ನಿವೃತ್ತರಾದಾಗ ಅವರು ಮೇಜರ್. ಪದಕ ಬಂದ ಮಾತ್ರಕ್ಕೆ ರ್ಯಾಂಕ್ ಜಿಗಿಯುವುದಿಲ್ಲ. ಈಗ ಈ ದಾರಿಗೆ ಡೆಹ್ರಾಡೂನ್‌ನ ಆರ್ಮಿ ಕೆಡೆಟ್ ಕಾಲೇಜ್ ಇದೆ: ವಯಸ್ಸು 20ರಿಂದ 27, ಪಿಯುಸಿ ಪಾಸಾಗಿರಬೇಕು, ಕನಿಷ್ಠ 2 ವರ್ಷ ಸೇವೆಯಾಗಿರಬೇಕು. ಅರ್ಜಿ ಯೂನಿಟ್ ಮೂಲಕವೇ ಹೋಗಬೇಕು.

ಜೆಸಿಒಗಳಿಗೆ ಜನವರಿ 26 ಮತ್ತು ಆಗಸ್ಟ್ 15ಕ್ಕೆ ಪ್ರಕಟವಾಗುವ 'ಆನರರಿ ಕ್ಯಾಪ್ಟನ್' ಗೌರವ ಪದವಿ. ಕಮಿಷನ್ ಪಡೆದ ಕ್ಯಾಪ್ಟನ್ ಹುದ್ದೆಯೊಂದಿಗೆ ಅದನ್ನು ಬೆರೆಸಬೇಡಿ.

ಅನ್ಯಾಯವಾಯಿತು ಅನ್ನಿಸಿದರೆ ಫೋನಿನಲ್ಲಿ ಗೋಳು ಹೇಳಿಕೊಂಡು ಪ್ರಯೋಜನವಿಲ್ಲ. ಯೂನಿಟ್ ಮೂಲಕ ಲಿಖಿತ ದೂರು ಕೊಡಬೇಕು, ಉತ್ತರದ ಪ್ರತಿ ಇಟ್ಟುಕೊಳ್ಳಬೇಕು. ಅಲ್ಲಿಯೂ ಬಗೆಹರಿಯದಿದ್ದರೆ 2007ರ ಕಾಯ್ದೆಯಡಿ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು.