ಕಾಗದದ ನಾರು ನೋಡಿ, ಆಮೇಲೆ ಪುಸ್ತಕ ಕಟ್ಟಿ

ಕಳೆದ ಜುಲೈನಲ್ಲಿ ಮಡಿಕೇರಿಯ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳ ಫೋಟೊ ಪ್ರಾಜೆಕ್ಟ್ ನೋಡಲು ಹೋಗಿದ್ದೆ. ಕಾಫಿ ಕಣದ ಬಗ್ಗೆ ಒಬ್ಬ ಹುಡುಗಿ ಮಾಡಿದ ಪುಸ್ತಕ ಮೇಜಿನ ಮೇಲಿತ್ತು. ಬೆಳಗಿನ ಮಂಜು, ಕಣದ ತುಂಬ ಹರಡಿದ ಹಣ್ಣು, ಅದನ್ನು ತಿರುವುತ್ತಾ ನಡೆಯುವ ಹೆಂಗಸಿನ ಪಾದ. ಒಂದಕ್ಕಿಂತ ಒಂದು ಚೆನ್ನಾದ ಚಿತ್ರ. ಆದರೆ ರಟ್ಟು ಹಪ್ಪಳದ ಹಾಗೆ ಎದ್ದಿತ್ತು. ಪುಟ ಬಿಡಿಸಿ ಕೈ ತೆಗೆದರೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ‘ಮೂರು ದಿನದ ಹಿಂದೆ ಸರಿಯಾಗೇ ಇತ್ತು ಮೇಡಂ’ ಅಂದಳು. ಇದ್ದಿರಬೇಕು. ನಾಲ್ಕು ತಿಂಗಳು ಫೋಟೊ ತೆಗೆದವಳು ಪುಸ್ತಕವನ್ನು ಒಂದೇ ರಾತ್ರಿ ಕಟ್ಟಿದ್ದಳು.

ಇಂಥದ್ದನ್ನು ಪ್ರತಿ ವರ್ಷ ನೋಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಇಲ್ಲಿ ಪುಸ್ತಕ ಕಟ್ಟುವವರು ಗಾಳಿಯಲ್ಲಿರುವ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅದಕ್ಕೇ ಈ ಲೇಖನ.

ಮೊದಲು ಆಯ್ಕೆ

ಇದು ಸುಲಭ. ಇಷ್ಟವಾದ ಐವತ್ತು ಅರವತ್ತು ಚಿತ್ರಗಳನ್ನು ಸ್ಟುಡಿಯೊದಲ್ಲಿ ಮ್ಯಾಕ್ಸಿ ಸೈಜಿನಲ್ಲಿ, ಅಂದರೆ 4x6 ಇಂಚಿನಲ್ಲಿ ಹಾಕಿಸಿ. ನೆಲದ ಮೇಲೆ ಹರಡಿ. ಎರಡು ದಿನ ಹಾಗೇ ಬಿಡಿ. ಹಾದುಹೋಗುವಾಗೆಲ್ಲ ಒಂದೊಂದು ತೆಗೆಯುತ್ತಾ ಬನ್ನಿ. ಪ್ರದರ್ಶನದ ಗೋಡೆಗೆ ಎಂಟೋ ಹತ್ತೋ, ಪುಸ್ತಕಕ್ಕೆ ಹನ್ನೆರಡೋ ಹದಿನಾಲ್ಕೋ ಉಳಿದರೆ ಸಾಕು. ಮೊಬೈಲ್ ಪರದೆಯ ಮೇಲೆ ಆಯ್ಕೆ ಮಾಡಬೇಡಿ. ಅಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ.

ಸ್ಟುಡಿಯೊಗೆ ಹೋಗುವಾಗ

ಫೋಟೊಗಳನ್ನು ಪೆನ್‌ಡ್ರೈವ್‌ನಲ್ಲಿ ಕೊಡಿ. ವಾಟ್ಸ್‌ಆ್ಯಪ್‌ನಲ್ಲೇ ಕಳಿಸಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. 12 ಮೆಗಾಪಿಕ್ಸೆಲ್ ಮೊಬೈಲ್ ಚಿತ್ರದಲ್ಲಿ 4000x3000 ಪಿಕ್ಸೆಲ್ ಇರುತ್ತವೆ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 13x10 ಇಂಚಿನವರೆಗೂ ಅದು ಚೆನ್ನಾಗಿ ಬರುತ್ತದೆ. ಗೋಡೆಯ ಚಿತ್ರಕ್ಕೆ 200 ಇದ್ದರೂ ನಡೆಯುತ್ತದೆ.

ಅಳತೆಯಲ್ಲಿ ತುಂಬ ಜನ ತಪ್ಪುತ್ತಾರೆ. ಮೊಬೈಲ್ ಚಿತ್ರ ಸಾಮಾನ್ಯವಾಗಿ 4:3. ಮ್ಯಾಕ್ಸಿಯೂ 12x18 ಇಂಚೂ 3:2. ಸುಮ್ನೆ ಕೊಟ್ಟು ಬಂದರೆ ಎತ್ತರದಲ್ಲಿ ಒಂಬತ್ತರಲ್ಲಿ ಒಂದು ಪಾಲು ಕತ್ತರಿಸಿ ಹೋಗುತ್ತದೆ. ಅದು ಯಾರದೋ ತಲೆಯೂ ಆಗಬಹುದು, ಕಾಲೂ ಆಗಬಹುದು. ‘ಸುತ್ತ ಬಿಳಿ ಬಿಡಿ, ಕ್ರಾಪ್ ಮಾಡಬೇಡಿ’ ಅಂತ ಚೀಟಿಯಲ್ಲಿ ಬರೆದೇ ಕೊಡಿ.

ಅದೇ ಚೀಟಿಯಲ್ಲಿ ಇನ್ನೊಂದು ಸಾಲು ಬರೆಯಿರಿ: ‘ಕರೆಕ್ಷನ್ ಬೇಡ.’ ನನ್ನ ಬಳಿ ಕಲಿಯುತ್ತಿದ್ದ ಹುಡುಗನೊಬ್ಬ ಅಜ್ಜಿಯ ಮುಖವನ್ನು ಹತ್ತಿರದಿಂದ ತೆಗೆದಿದ್ದ. ಒಲೆಯ ಬೆಳಕಿನಲ್ಲಿ ತೆಗೆದದ್ದು, ಒಂದೊಂದು ಸುಕ್ಕೂ ಕಾಣುತ್ತಿತ್ತು. ಪ್ರಿಂಟ್ ಬಂದಾಗ ಅಜ್ಜಿ ಬೆಳ್ಳಗಾಗಿದ್ದರು. ಕೆನ್ನೆ ನುಣುಪಾಗಿತ್ತು, ಸುಕ್ಕೆಲ್ಲ ಹೋಗಿತ್ತು. ಮದುವೆ ಆಲ್ಬಮ್‌ಗೆ ಮಾಡುವ ಟಚ್‌ಅಪ್ಪನ್ನೇ ಸ್ಟುಡಿಯೊದವರು ಅಭ್ಯಾಸಬಲದಿಂದ ಅದಕ್ಕೂ ಮಾಡಿದ್ದರು. ಹುಡುಗ ಆ ಪ್ರಿಂಟನ್ನು ಮನೆಗೆ ಒಯ್ಯಲೇ ಇಲ್ಲ.

ದೊಡ್ಡ ಪ್ರಿಂಟ್ ಹಾಕಿಸುವ ಮುಂಚೆ ಒಂದೇ ಒಂದು ಚಿತ್ರ ಹಾಕಿಸಿ ನೋಡಿ. ಮೊಬೈಲ್ ಬೆಳಕನ್ನು ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಿದ ಚಿತ್ರ ಕಾಗದದ ಮೇಲೆ ಕತ್ತಲಾಗಿ ಬರುತ್ತದೆ. ಕಾಗದ ಮ್ಯಾಟ್ ಇರಲಿ. ಹೊಳೆಯುವ ಕಾಗದದ ಮೇಲೆ ಬೆರಳಚ್ಚು ಕೂರುತ್ತದೆ, ಟ್ಯೂಬ್‌ಲೈಟ್ ಕಾಣುತ್ತದೆ.

ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ಮಳೆಗೆ ರಕ್ಷಣೆ ಅಂತ ಮಾಡಿಸುತ್ತಾರೆ. ಅಂಚಿನಿಂದ ತೇವ ಒಳಗೆ ಹೋದರೆ ಹೊರಗೆ ಬರಲು ದಾರಿಯಿಲ್ಲ, ಬಿಡಿಸಲೂ ಆಗುವುದಿಲ್ಲ. ಪುಟದ ಮೇಲೆ ಅಂಟಿನ ಗೆರೆಗಳಿದ್ದು ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಮ್‌ಗಳೂ ಅಷ್ಟೇ, ಕೆಲವೇ ವರ್ಷಕ್ಕೆ ಹಳದಿಯಾಗುತ್ತವೆ. ಸೆಲ್ಲೊಟೇಪನ್ನು ಚಿತ್ರದ ಹಿಂಬದಿಗೂ ತಾಗಿಸಬೇಡಿ.

ಈಗ ನಾರಿನ ವಿಷಯ

ಇಲ್ಲಿ ನಿಧಾನವಾಗಿ ಓದಿ. ಕಣದ ಹುಡುಗಿಯ ಪುಸ್ತಕ ಹಾಳಾದದ್ದು ಇಲ್ಲೇ.

ಕಾರ್ಖಾನೆಯಲ್ಲಿ ಕಾಗದ ಯಂತ್ರದ ಮೇಲೆ ಓಡುವಾಗ ಅದರ ನಾರುಗಳಲ್ಲಿ ಹೆಚ್ಚಿನವು ಓಟದ ದಿಕ್ಕಿಗೇ ಮಲಗುತ್ತವೆ. ಹಾಗಾಗಿ ಪ್ರತಿ ಹಾಳೆಗೂ ಒಂದು ದಿಕ್ಕಿದೆ, ಬಿದಿರಿಗೆ ಇರುವ ಹಾಗೆ. ತೇವ ಕುಡಿದಾಗ ನಾರು ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಹಿಗ್ಗುವುದು ಜಾಸ್ತಿ. ನಾರು ಪುಸ್ತಕದ ಬೆನ್ನಿನ ಉದ್ದಕ್ಕೇ ಇದ್ದರೆ ಪುಟ ಹೊರಗಿನ ಅಂಚಿನ ಕಡೆಗೆ ಹಿಗ್ಗುತ್ತದೆ. ಅಲ್ಲಿ ಅದನ್ನು ಯಾರೂ ಹಿಡಿದಿಲ್ಲ, ತೊಂದರೆಯಿಲ್ಲ. ನಾರು ಬೆನ್ನಿಗೆ ಅಡ್ಡವಾಗಿದ್ದರೆ ಪುಟ ಬೆನ್ನಿನ ಉದ್ದಕ್ಕೆ ಹಿಗ್ಗಬೇಕು. ಅಲ್ಲಿ ಹೊಲಿಗೆಯೋ ಅಂಟೋ ಬಿಗಿಯಾಗಿ ಹಿಡಿದಿರುತ್ತದೆ. ಜಾಗ ಸಿಗದ ಕಾಗದ ಅಲೆ ಅಲೆಯಾಗಿ ಏಳುತ್ತದೆ. ಮಡಿಕೆಯಲ್ಲಿ ಬಣ್ಣ ಬಿರಿಯುತ್ತದೆ. ಪುಟ ಮಲಗುವುದೇ ಇಲ್ಲ.

ದಿಕ್ಕು ಕಂಡುಹಿಡಿಯುವುದು ಹೇಗೆ? ಹಾಳೆಯನ್ನು ಮೇಜಿನ ಮೇಲಿಟ್ಟು, ಮಡಚದೆ, ಒಂದು ಅಂಚನ್ನು ಎದುರಿನ ಅಂಚಿನ ಕಡೆಗೆ ಬಗ್ಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ. ಆಮೇಲೆ ಇನ್ನೊಂದು ದಿಕ್ಕಿಗೂ ಹಾಗೇ ಮಾಡಿ. ಒಂದು ಕಡೆ ಕಾಗದ ಎದುರು ತಳ್ಳುತ್ತದೆ, ಇನ್ನೊಂದು ಕಡೆ ಸುಲಭವಾಗಿ ಬಾಗುತ್ತದೆ. ಸುಲಭವಾಗಿ ಬಾಗಿದಾಗ ಬಾಗಿನ ಉದ್ದಕ್ಕೆ ಇರುವುದೇ ನಾರು. ಇಷ್ಟರಲ್ಲಿ ಗೊತ್ತಾಗದಿದ್ದರೆ ಎರಡು ಇಂಚಿನ ಚೌಕ ತುಂಡು ಕತ್ತರಿಸಿ. ಹಾಳೆಯಲ್ಲಿ ಅದು ಯಾವ ಕಡೆ ಇತ್ತು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಒಂದು ಮುಖಕ್ಕೆ ಒದ್ದೆ ಬೆರಳು ಸವರಿ. ತುಂಡು ಕೊಳವೆಯಂತೆ ಸುರುಳಿಯಾಗುತ್ತದೆ. ಆ ಕೊಳವೆಯ ಉದ್ದವೇ ನಾರಿನ ದಿಕ್ಕು. ನನ್ನ ತರಗತಿಯಲ್ಲಿ ಮೊದಲ ದಿನ ಇದನ್ನೇ ಮಾಡಿಸುತ್ತೇನೆ. ಒದ್ದೆ ತುಂಡು ಅಂಗೈ ಮೇಲೆ ತಾನಾಗಿ ಮಗ್ಗುಲು ತಿರುಗುವುದನ್ನು ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ.

ಅಂಗಡಿಯ ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದ ಬದಿಗೇ ಇರುತ್ತದೆ. ಅದನ್ನು ಅರ್ಧಕ್ಕೆ ಮಡಚಿ ಪುಸ್ತಕ ಮಾಡಿದರೆ ನಾರು ಬೆನ್ನಿಗೆ ಅಡ್ಡ ಬೀಳುತ್ತದೆ. ಎಲ್ಲರೂ ಮಾಡುವುದು ಇದನ್ನೇ.

ಇದಕ್ಕೆ ಒಂದು ಸುಲಭ ದಾರಿಯಿದೆ. ಡಿಜಿಟಲ್ ಪ್ರೆಸ್‌ನಲ್ಲಿ 12x18 ಇಂಚಿನ ಹಾಳೆ ಸಿಗುತ್ತದೆ. ನಾರು 18 ಇಂಚಿನ ಉದ್ದಕ್ಕಿದ್ದರೆ ಅದನ್ನು ನಡುವೆ ಕತ್ತರಿಸಿ, 9x12ರ ಎರಡು ಹಾಳೆ ಮಾಡಿ. ಈಗ ನಾರು 9 ಇಂಚಿನ ಬದಿಗೆ ಬಂತು. ಪ್ರತಿ ಹಾಳೆಯನ್ನೂ ಅರ್ಧಕ್ಕೆ ಮಡಚಿದರೆ 6x9ರ ಪುಟ, ನಾರು ಬೆನ್ನಿನ ಉದ್ದಕ್ಕೇ. ಎರಡು ದೊಡ್ಡ ಹಾಳೆಗೆ 16 ಪುಟದ ಪುಸ್ತಕ ಆಗುತ್ತದೆ. ಮಡಚುವ ಪುಸ್ತಕಕ್ಕೆ ಸ್ಟುಡಿಯೊ ಫೋಟೊ ಕಾಗದ ಬೇಡ, ಅದು ಮಡಿಕೆಯಲ್ಲಿ ಸೀಳುತ್ತದೆ. 130 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 130 ಗ್ರಾಂ ತೂಗುವ ಮ್ಯಾಟ್ ಆರ್ಟ್ ಪೇಪರ್ ಕೇಳಿ. ಪ್ರೆಸ್ಸಿನವರಿಗೆ ನಾರಿನ ಬಗ್ಗೆ ಗೊತ್ತಿರದಿದ್ದರೆ ಒಂದು ಖಾಲಿ ಹಾಳೆ ಇಸ್ಕೊಂಡು ಅಲ್ಲೇ ಬಗ್ಗಿಸಿ ನೋಡಿ.

ಪುಟದ ಲೆಕ್ಕ

ಪ್ರೆಸ್‌ಗೆ ಹೋಗುವ ಮುಂಚೆ ರಫ್ ಹಾಳೆಗಳಲ್ಲಿ ಚಿಕ್ಕ ಮಾದರಿ ಪುಸ್ತಕ ಮಾಡಿ, ಪುಟಸಂಖ್ಯೆ ಬರೆದು ಬಿಚ್ಚಿ ನೋಡಿ. 16 ಪುಟದ ಪುಸ್ತಕದಲ್ಲಿ ಒಂದೇ ಮುಖದ ಮೇಲಿರುವ ಎರಡು ಪುಟಗಳನ್ನು ಕೂಡಿದರೆ ಯಾವಾಗಲೂ 17 ಬರಬೇಕು. 16ರ ಜೊತೆ 1, ಅದರ ಹಿಂದೆ 2ರ ಜೊತೆ 15. ಬರದಿದ್ದರೆ ಎಲ್ಲೋ ತಪ್ಪಿದೆ. ಅಂಚಿನಿಂದ ಅರ್ಧ ಇಂಚು ಬಿಟ್ಟೇ ಚಿತ್ರ ಕೂರಿಸಿ. ಒಳಗಿನ ಹಾಳೆಗಳು ಹೊರಗಿನವಕ್ಕಿಂತ ಸ್ವಲ್ಪ ಮುಂದಕ್ಕೆ ಚಾಚುತ್ತವೆ, ಹೊಲಿದ ಮೇಲೆ ಅಂಚು ಕತ್ತರಿಸಬೇಕಾಗುತ್ತದೆ. ಎಲ್ಲ ಕಡೆಯೂ ಎದುರುಬದುರು ಎರಡೂ ಪುಟದಲ್ಲಿ ಚಿತ್ರ ತುಂಬಬೇಡಿ. ಅಲ್ಲಲ್ಲಿ ಒಂದು ಬದಿ ಖಾಲಿ ಇದ್ದರೆ ಕಣ್ಣಿಗೆ ಹಿತ.

ಮಡಿಕೆ, ಹೊಲಿಗೆ

ಮಡಿಕೆಯನ್ನು ಉಗುರಿನಿಂದ ಉಜ್ಜಬೇಡಿ, ಹೊಳಪಿನ ಗೆರೆ ಉಳಿಯುತ್ತದೆ. ಮೇಲೆ ಒಂದು ತೆಳು ಕಾಗದ ಇಟ್ಟು ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿ. ನಾಲ್ಕೂ ಹಾಳೆಗಳನ್ನು ಒಂದರೊಳಗೊಂದು ಕೂರಿಸಿ, ಹೊರಗೆ 250 ಜಿಎಸ್‌ಎಂ ಕಾಗದದ ಹೊದಿಕೆ ಹಾಕಿ. ಅದರ ನಾರೂ ಬೆನ್ನಿನ ಉದ್ದಕ್ಕೇ ಇರಲಿ.

ಕಾಗದದ ಪಟ್ಟಿಯೊಂದರಲ್ಲಿ ಐದು ಗುರುತು ಮಾಡಿಕೊಳ್ಳಿ. 9 ಇಂಚಿನ ಬೆನ್ನಿಗೆ ಮೇಲಿನಿಂದ 1, 2¾, 4½, 6¼, 8 ಇಂಚಿನಲ್ಲಿ. ಪುಸ್ತಕವನ್ನು ನಡುಪುಟಕ್ಕೆ ಬಿಡಿಸಿ ಥರ್ಮಕೋಲ್ ಮೇಲಿಟ್ಟು, ಪಟ್ಟಿಯನ್ನು ಮಡಿಕೆಯ ಮೇಲಿಟ್ಟು ಒಳಗಿನಿಂದ ಚುಚ್ಚಿ. ಕಾಫಿ ಚೀಲ ಹೊಲಿಯುವ ದಬ್ಬಣ ಮನೆಯಲ್ಲೇ ಇದೆ ಅಂತ ಅದನ್ನು ತರುತ್ತಾರೆ. ಅದು ತೀರಾ ದಪ್ಪ, ತೂತಿನ ಸುತ್ತ ಕಾಗದ ಹರಿಯುತ್ತದೆ. ನೂಲಿಗಿಂತ ಸ್ವಲ್ಪವೇ ದಪ್ಪದ ಸೂಜಿ ಸಾಕು.

ನೂಲು ಹತ್ತಿಯದಿರಲಿ, 27 ಇಂಚು ತೆಗೆದುಕೊಳ್ಳಿ. ಜೇನುಮೇಣದ ಉಂಡೆಯ ಮೇಲೆ ಎರಡು ಸಲ ಎಳೆಯಿರಿ. ಜೇನಿಗೆ ಹೆಸರಾದ ಕೊಡಗಿನಲ್ಲಿ ಮೇಣಕ್ಕೆ ಬರವಿಲ್ಲ. ನೈಲಾನ್ ದಾರ ಗಂಟು ಜಾರುತ್ತದೆ, ಕಾಗದವನ್ನೂ ಕೊಯ್ಯುತ್ತದೆ.

ನಡುವಿನ ಮೂರನೇ ತೂತಿನಲ್ಲಿ ಒಳಗಿನಿಂದ ಹೊರಗೆ ಬನ್ನಿ, ನಾಲ್ಕು ಇಂಚು ಬಾಲ ಒಳಗೇ ಬಿಡಿ. ಎರಡರಲ್ಲಿ ಒಳಗೆ, ಒಂದರಲ್ಲಿ ಹೊರಗೆ, ಮತ್ತೆ ಎರಡರಲ್ಲಿ ಒಳಗೆ. ಈಗ ಮೂರನ್ನು ದಾಟಿ ನಾಲ್ಕರಲ್ಲಿ ಹೊರಗೆ, ಐದರಲ್ಲಿ ಒಳಗೆ, ಮತ್ತೆ ನಾಲ್ಕರಲ್ಲಿ ಹೊರಗೆ, ಕೊನೆಗೆ ಮೂರರಲ್ಲಿ ಒಳಗೆ. ನೂಲಿನ ಎರಡೂ ತುದಿ ನಡುವಿನ ಉದ್ದ ಹೊಲಿಗೆಯ ಆಚೆ ಒಂದು, ಈಚೆ ಒಂದು ಇರಬೇಕು. ಆ ಹೊಲಿಗೆಯ ಮೇಲೆ ಎರಡು ಗಂಟು ಹಾಕಿ. ಎಳೆಯುವಾಗ ಮಡಿಕೆಯ ಉದ್ದಕ್ಕೇ ಎಳೆಯಿರಿ. ಮೇಲಕ್ಕೆ ಎಳೆದರೆ ತೂತು ಸೀಳುತ್ತದೆ.

ಇಷ್ಟಕ್ಕೆ ಪುಸ್ತಕ ಆಯಿತು. ಒಂದು ಹನಿ ಅಂಟೂ ಬೇಕಾಗಲಿಲ್ಲ. ಮಳೆಗಾಲದಲ್ಲಿ ಪ್ರಾಜೆಕ್ಟ್ ಒಪ್ಪಿಸುವವರು ಇಲ್ಲಿಗೇ ನಿಲ್ಲಿಸಿ.

ಗಟ್ಟಿ ರಟ್ಟು ಬೇಕೇ ಬೇಕು ಅನ್ನುವವರಿಗೆ

ಅಂಟು ಹಚ್ಚಿದ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಆದ್ದರಿಂದ ರಟ್ಟಿನ ಎರಡೂ ಮುಖಕ್ಕೆ ಕಾಗದ ಅಂಟಿಸಲೇಬೇಕು, ಆಗ ಎಳೆತ ಸಮವಾಗುತ್ತದೆ. ರಟ್ಟು, ಹೊರ ಕಾಗದ, ಒಳ ಕಾಗದ, ಮೂರರ ನಾರೂ ಮೇಲಿನಿಂದ ಕೆಳಕ್ಕೇ ಇರಬೇಕು. ರಟ್ಟಿಗೂ ನಾರಿದೆ, ಬಗ್ಗಿಸಿ ನೋಡಿ.

ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ, ಬ್ರಷ್‌ನಿಂದ ನಡುವಿನಿಂದ ಅಂಚಿಗೆ ತೆಳುವಾಗಿ ಎಳೆಯಿರಿ. ಗ್ಲೂ ಸ್ಟಿಕ್ ಒಂದು ತಿಂಗಳಿಗೆ ಬಿಟ್ಟುಕೊಳ್ಳುತ್ತದೆ. ಬಾಟಲಿಯ ನೀರು ನೀರಾದ ಗಮ್ ರಟ್ಟನ್ನೆಲ್ಲ ನೆನೆಸುತ್ತದೆ. ಹಳೆಯ ಬೈಂಡರ್‌ಗಳು ಹುಳ ಬರದಿರಲಿ ಅಂತ ಮೈದಾ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಗಿಡಗಳಿಗೆ ಸಿಂಪಡಿಸುವ ಬೋರ್ಡೊ ದ್ರಾವಣಕ್ಕೆಂದು ತಂದದ್ದು ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ. ಆದರೆ ಅದು ವಿಷ, ಮೇಲಾಗಿ ಆಮ್ಲದ ಗುಣದ್ದು. ಚಿತ್ರಗಳ ಹತ್ತಿರ ತರಬೇಡಿ.

ಹೊದಿಕೆಗೆ ಕಾಫಿ ಚೀಲದ ಗೋಣಿ ಹಾಕುವುದು ಈಗ ಎಲ್ಲರ ಆಸೆ. ನೋಡಲು ಚಂದ, ಒಪ್ಪುತ್ತೇನೆ. ಆದರೆ ಅಂಟು ಅದರ ಸಂದಿನಿಂದ ಹೊರಗೆ ಬರುತ್ತದೆ, ಎಳೆ ಉದುರುತ್ತದೆ, ತೇವ ಹಿಡಿದಿಡುತ್ತದೆ. ಒತ್ತಾಗಿ ನೇಯ್ದ ಹಳೆಯ ಹತ್ತಿ ಸೀರೆಯ ತುಂಡು ಅದಕ್ಕಿಂತ ಸಾವಿರ ಪಾಲು ಮೇಲು. ಹಿಂದಕ್ಕೆ ತೆಳು ಕಾಗದ ಅಂಟಿಸಿ ಒಣಗಿಸಿಕೊಂಡು ಬಳಸಿ.

ಅಂಟಿಸಿದ ಮೇಲೆ ಒಣಗಿಸುವುದು ಅರ್ಧ ಕೆಲಸ. ಬಟ್ಟೆ ಒಣಗಿಸುವ ಹಾಗೆ ಅಗ್ಗಿಷ್ಟಿಕೆಯ ಹತ್ತಿರ ಇಡುತ್ತಾರೆ. ಬೇಗ ಒಣಗಿದ್ದೆಲ್ಲ ಸೊಟ್ಟಗಾಗುತ್ತದೆ. ಎರಡು ಹಲಗೆಗಳ ನಡುವೆ ಅಚ್ಚಿಲ್ಲದ ನ್ಯೂಸ್‌ಪ್ರಿಂಟ್ ಹಾಳೆ ಹಾಕಿ, ಮೇಲೆ ಅರೆಯುವ ಕಲ್ಲಿಡಿ. ಮೊದಲ ದಿನ ಗಂಟೆಗೊಮ್ಮೆ ಹಾಳೆ ಬದಲಿಸಿ. ಬೇಸಿಗೆಯಲ್ಲಾದರೆ ಒಂದು ರಾತ್ರಿ ಸಾಕು. ಮಳೆಗಾಲದಲ್ಲಿ ಮೂರು ದಿನ ಕಲ್ಲು ತೆಗೆಯಬೇಡಿ.

ಹೊಲಿಗೆಯೇ ಬೇಡ ಅನ್ನುವವರು ಉದ್ದ ಪಟ್ಟಿಯನ್ನು ಬೀಸಣಿಗೆಯಂತೆ ಮಡಚಬಹುದು. 2022ರಲ್ಲಿ ಛಾಯಾಗ್ರಹಣದ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ ಪಡೆದ ಛಾಯಾಗ್ರಾಹಕಿ ದಯನಿತಾ ಸಿಂಗ್ ಇಂಥ ಪುಟ್ಟ ಮಡಿಕೆ ಪುಸ್ತಕಗಳನ್ನೇ ಪ್ರದರ್ಶನವಾಗಿ ನಿಲ್ಲಿಸಿದವರು. ಇಲ್ಲೂ ನಾರು ಮಡಿಕೆಯ ಉದ್ದಕ್ಕೇ ಇರಬೇಕು.

ಪ್ರದರ್ಶನದ ದಿನ

ಗೋಡೆಯ ಪ್ರಿಂಟ್‌ಗಳನ್ನು ಮೌಂಟ್ ಬೋರ್ಡ್ ಮೇಲೆ ಕಾಗದದ ಮೂಲೆಗಳಲ್ಲಿ ಸಿಕ್ಕಿಸಿ, ಅಂಟಿಸಬೇಡಿ. ಚಿತ್ರದ ನಡು ನೆಲದಿಂದ 57 ಇಂಚು ಎತ್ತರಕ್ಕೆ ಬರಲಿ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಬೋರ್ಡಿನ ಹಿಂದೆ ನಾಲ್ಕು ಮೂಲೆಗೂ ಬೂಚಿನ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಪುಸ್ತಕವನ್ನು ಗಾಜಿನೊಳಗೆ ಇಡಬೇಡಿ. ಮೇಜಿನ ಮೇಲಿಟ್ಟು ಪಕ್ಕದಲ್ಲಿ ಒಂದು ಕುರ್ಚಿ ಹಾಕಿ. ಬಾಗಿಲಲ್ಲಿ ಕೊಡೆ ಇಡಲು ಬಕೆಟ್, ಕೈ ಒರೆಸಲು ಒಣ ಟವೆಲ್ ಇರಲಿ.

ಪ್ರೆಸ್‌ನಲ್ಲಿ ಹಾಳೆ ಹಾಕಿಸುವಾಗಲೇ ಒಂದು ಪ್ರತಿಗೆ ಜಾಸ್ತಿ ಹಾಕಿಸಿಕೊಳ್ಳಿ. ಅದು ನಿಮ್ಮ ಚಿತ್ರದಲ್ಲಿರುವವರಿಗೆ. ಕಣದ ಹುಡುಗಿ ಅಕ್ಟೋಬರ್‌ನಲ್ಲಿ ಪುಸ್ತಕವನ್ನು ಮತ್ತೆ ಕಟ್ಟಿದಳು, ಈ ಸಲ ರಟ್ಟಿಲ್ಲದೆ, ಐದು ತೂತಿನ ಹೊಲಿಗೆಯಲ್ಲಿ. ಹೆಚ್ಚಿನ ಪ್ರತಿಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಕೊಂಡು ಗೋಣಿಕೊಪ್ಪದ ಬಸ್ ಹತ್ತಿ, ಆ ಪಾದ ಯಾರದೋ ಅವರ ಮನೆಗೇ ಹೋಗಿ ಕೊಟ್ಟು ಬಂದಳು.